ಅಕ್ಕನ ಜೀಪು, ಎಂಟು ಬೇಲಿನ ಸ್ಪ್ರಿಂಗು

ಇವತ್ತು ಬೆಳಿಗ್ಗೆ ಬಿಳಿಕೆರೆಯಲ್ಲಿ ಬಸ್ಸು ಹತ್ತಿದವರೊಬ್ಬರು ನನ್ನ ಪಕ್ಕ ಕೂತು, ಕಾಲ ಸಂದಿಯಲ್ಲಿ ಒಂದು ಗೋಣಿಚೀಲ ಇಟ್ಟುಕೊಂಡರು. ಒಳಗೆ ಯಾವುದೋ ಗಾಡಿಯ ಹಲ್ಲುಚಕ್ರಗಳಿದ್ದಿರಬೇಕು. ಗೇರ್ ಆಯಿಲಿನ ವಾಸನೆ ಗೊತ್ತಲ್ಲ ನಿಮಗೆ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಕೆಟ್ಟ ಬೆಳ್ಳುಳ್ಳಿಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ಹೆಚ್ಚುಕಮ್ಮಿ ಅದೇ ವಾಸನೆ ಬಂದೀತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ನಮ್ಮಿಬ್ಬರನ್ನೂ ತಿರುಗಿ ತಿರುಗಿ ನೋಡಿದರು. ಚೀಲದ ಯಜಮಾನರು ನಾಚಿಕೊಂಡು ಕ್ಷಮೆ ಕೇಳಿದರು. ಇರಲಿ ಬಿಡಿ ಎಂದೆ, ಮನಸಾರೆಯೇ ಎಂದೆ. ನನ್ನ ಜನ್ಮದ ಒಂದು ದೊಡ್ಡ ಪೆದ್ದತನಕ್ಕೆ ಇದೇ ವಾಸನೆಯಿತ್ತು. ಅದನ್ನು ಮೂಸಿದರೆ ನನಗೆ ಈಗಲೂ ನಗು ಬರುತ್ತದೆ.

ವೀರನಹೊಸಹಳ್ಳಿ ಕಡೆಯ ಒಂದು ಊರಿನಲ್ಲಿ ನನ್ನ ಅಕ್ಕನ ಮನೆ. ಭಾವನಿಗೆ ಹುಣಸೂರಿನಲ್ಲಿ ಬಟ್ಟೆ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವ ಮನುಷ್ಯ, ಸಾಧು. ಅಪ್ಪ ಹೋಗುವ ಮುಂಚೆ ಕಾಡಂಚಿನ ಮೂರೆಕರೆ ಹೊಲವನ್ನೂ ತಾನು ಓಡಿಸುತ್ತಿದ್ದ ಹಳೇ ಜೀಪನ್ನೂ ಅಕ್ಕನ ಹೆಸರಿಗೆ ಬರೆದ. ನನಗೆ ಅವನ ಕೈಗಡಿಯಾರ ಬಂತು. ಅನ್ಯಾಯವೇನೂ ಆಗಲಿಲ್ಲ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಗಣಿತ ಹೇಳುವವನು. ಹೊಗೆಸೊಪ್ಪಿನ ಸಸಿ ಯಾವುದು, ಬದನೆ ಸಸಿ ಯಾವುದು ಎಂದು ಕೇಳಿದರೆ ಇವತ್ತಿಗೂ ಒಂದು ಕ್ಷಣ ಯೋಚಿಸುತ್ತೇನೆ. ಅಕ್ಕ ಹಾಗಲ್ಲ. ಸಸಿಮಡಿ ಮಾಡುವುದರಿಂದ ಹಿಡಿದು ಬ್ಯಾರನ್ನಿನ ಬಿಸಿಯಲ್ಲಿ ಸೊಪ್ಪು ಒಣಗಿಸಿ ಹದಮಾಡುವವರೆಗೆ ಎಲ್ಲ ಅವಳಿಗೆ ಕರತಲಾಮಲಕ. ಸೀರೆ ಎತ್ತಿ ಕಟ್ಟಿ, ಜೀಪು ಹತ್ತಿ, ಆನೆ ಕಂದಕದ ಪಕ್ಕದ ಮೂರು ಮೈಲಿ ಗಾಡಿದಾರಿಯಲ್ಲಿ ಅವಳು ಹೊಲಕ್ಕೆ ಹೋಗುವುದನ್ನು ನೋಡಿದ ಊರ ಗಂಡಸರು ಬೀಡಿಯನ್ನು ಅರ್ಧಕ್ಕೇ ಆರಿಸುತ್ತಿದ್ದರು. ಗೌರವಕ್ಕೋ ಭಯಕ್ಕೋ ನಾನು ಕೇಳಲು ಹೋಗಿಲ್ಲ.

ಮೂರು ವರ್ಷದ ಹಿಂದೆ ಅವಳ ಬೆನ್ನು ಕೈಕೊಟ್ಟಿತು. ಕೊಡದೆ ಇನ್ನೇನು? ಆ ಜೀಪಿಗಿದ್ದದ್ದು ಹಳೇ ಕಾಲದ ಪ್ಲೇಟುಗಳು, ಎಂದರೆ ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳು. ಚಕ್ರ ಹಳ್ಳಕ್ಕೆ ಬಿದ್ದರೆ ಆ ಹಳ್ಳವನ್ನು ಒಂದಿಷ್ಟೂ ಮುಕ್ಕಾಗದಂತೆ ಕೂತವರ ಬೆನ್ನಿಗೆ ತಲುಪಿಸುತ್ತಿದ್ದವು. ಡಾಕ್ಟರು ಅಕ್ಕನಿಗೆ ಆರು ತಿಂಗಳು ವಿಶ್ರಾಂತಿ ಹೇಳಿ, ಆಮೇಲೂ ಕುಲುಕಾಟದ ಗಾಡಿ ಹತ್ತಬೇಡಿ, ಮೆತ್ತಗಿನ ಗಾಡಿಯಾದರೆ ಪರವಾಗಿಲ್ಲ ಎಂದರು. ಭಾವ ಕೂಡಲೇ ಹೊಲವನ್ನು ವಾರಕ್ಕೆ, ಎಂದರೆ ಬೆಳೆಯ ಪಾಲಿಗೆ, ಕೊಡುವ ಮಾತು ತೆಗೆದ. ಪಕ್ಕದ ಹೊಲದ ಪುಟ್ಟಣ್ಣ ಒಪ್ಪಿಯೂ ಬಿಟ್ಟಿದ್ದ. ನಮ್ಮ ಕಡೆ ಇಂಥದ್ದೆಲ್ಲ ಉಗಾದಿಯಿಂದ ಉಗಾದಿಗೆ. ಹಬ್ಬದ ದಿನ ವರ್ಷದ ಮೊದಲ ಉಳುಮೆ, ಅದಕ್ಕೆ ಹೊನ್ನಾರು ಎನ್ನುತ್ತಾರೆ. ಯಾರ ಹೆಸರಲ್ಲಿ ಹೊನ್ನಾರು ಹೂಡುತ್ತಾರೋ ಆ ವರ್ಷ ಹೊಲ ಅವರ ಕೈಯಲ್ಲಿ. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಎದ್ದು ಜೀಪು ನಿಲ್ಲಿಸಿದ್ದ ಕಡೆಗೆ ಹೋದೆ.

ಹುಣಸೂರಿನಲ್ಲಿ ನಯಾಜ್ ಭಾಯ್ ಎಂಬ ಮೆಕ್ಯಾನಿಕ್ ಇದ್ದಾರೆ. ಅಪ್ಪನ ಕಾಲದಿಂದ ಆ ಜೀಪಿನ ಹೊಟ್ಟೆ ಬಗೆದು ಮುಚ್ಚಿದವರು ಅವರೇ. ಪ್ಲೇಟು, ಚಕ್ರಗಳನ್ನು ಹೊರುವ ಆಕ್ಸಲ್ಲು ಎಲ್ಲ ಬಿಚ್ಚಿ ಬಿಸಾಕಿ, ಈಚಿನ ಗಾಡಿಯೊಂದರ ಅಗಲದ ಆಕ್ಸಲ್ಲುಗಳನ್ನು ಕಾಯಿಲ್ ಸ್ಪ್ರಿಂಗಿನ ಸಮೇತ ಕೂರಿಸಬಹುದು, ಜೀಪು ತೊಟ್ಟಿಲಾಗುತ್ತದೆ ಎಂದರು. ಇದಕ್ಕೆ ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಾರದು, ನಾನೂ ಕೇಳಿಕೊಂಡಿಲ್ಲ. ಅಕ್ಕನಿಗೆ ಸುಮ್ಮನೆ ಸರ್ವೀಸು ಎಂದು ಹೇಳಿ ಜೀಪನ್ನು ಸಾಗಿಸಿದೆ. ಉಗಾದಿಗೆ ಮುಂಚೆ ತಂದು ನಿಲ್ಲಿಸಿ ಅವಳನ್ನು ಬೆರಗುಗೊಳಿಸಬೇಕೆಂಬುದು ನನ್ನ ಆಸೆ. ಕೆಲಸ ಶುರುಮಾಡುವ ದಿನ ನಯಾಜ್ ಭಾಯ್ ಕೇಳಿದ ಪ್ರಶ್ನೆ ಒಂದೇ. ಗಾಡಿಗೆ ಲೋಡು ಎಷ್ಟು ಹಾಕ್ತೀರಿ?

"ಎಂಟು ಬೇಲು," ಎಂದೆ.

ಹೊಗೆಸೊಪ್ಪಿನ ಸೀಮೆಯಲ್ಲಿ ಗಾಡಿಯನ್ನು ಅಳೆಯುವುದೇ ಬೇಲಿನ, ಎಂದರೆ ಒತ್ತಿ ಕಟ್ಟಿದ ಸೊಪ್ಪಿನ ಹೊರೆಯ, ಲೆಕ್ಕದಲ್ಲಿ. ಪಿರಿಯಾಪಟ್ಟಣದ ಹರಾಜಿಗೆ ಯಾರ ಗಾಡಿ ಎಷ್ಟು ಬೇಲು ಹೊತ್ತು ಹೋಯಿತು ಎಂಬುದು ಇಲ್ಲಿ ಮನೆತನದ ಮರ್ಯಾದೆಯ ವಿಷಯ. ಕೇಳಿದಾಗ ಕಡಿಮೆ ಹೇಳಿದವನನ್ನು ನಾನು ಕಂಡಿಲ್ಲ. ಮೂರು ಹೊರುವ ಗಾಡಿ ಬಾಯಲ್ಲಿ ಐದು ಹೊರುತ್ತದೆ. ಗಣಿತದ ಮೇಷ್ಟ್ರಾದ ನಾನೂ ಆ ನೀರು ಕುಡಿದೇ ಬೆಳೆದವನಲ್ಲವೇ? ಗ್ಯಾರೇಜಿನಲ್ಲಿ ಟೀ ಕುಡಿಯುತ್ತ ಇಬ್ಬರು ರೈತರು ಬೇರೆ ಕೂತಿದ್ದರು. ಎಂಟು ಎಂಬ ಸಂಖ್ಯೆ ನನ್ನ ಬಾಯಿಂದ ತಾನಾಗಿ ಹೊರಬಂತು. ಅವರು ತಲೆದೂಗಿದರು. ನನಗೆ ಹಿತವಾಯಿತು.

ಒಂದೂವರೆ ತಿಂಗಳು ಪ್ರತಿ ಶನಿವಾರ ಭಾನುವಾರ ನಾನು ಅಲ್ಲಿಗೆ ಹೋದೆ. ಸಹಾಯ ಎಂದುಕೊಂಡು ಹೋದದ್ದು. ಬ್ಯಾಟರಿ ಲೈಟು ಹಿಡಿಯುವ ಕೆಲಸ ಕೊಟ್ಟರು, ಅದನ್ನೂ ಯಾವಾಗಲೂ ಬೇರೆ ಕಡೆಗೇ ಹಿಡಿಯುತ್ತಿದ್ದೆನಂತೆ. ಹಳೇ ಆಕ್ಸಲ್ ಬಿಚ್ಚಿದ ದಿನ ಅದರ ಹೊಟ್ಟೆಯ ಗೇರ್ ಆಯಿಲೆಲ್ಲ ನನ್ನ ಬಿಳೀ ಪ್ಯಾಂಟಿನ ಮೇಲೆ. ನನ್ನ ಹೆಂಡತಿ ಎರಡು ದಿನ ನನ್ನನ್ನು ವರಾಂಡದಲ್ಲೇ ಊಟಕ್ಕೆ ಕೂರಿಸಿದಳು. ನಯಾಜ್ ಭಾಯ್ ಮಾತ್ರ ತಪಸ್ಸಿನಂತೆ ಕೆಲಸ ಮಾಡಿದರು. ಜೀಪಿನ ಚಾಸಿಗೆ ಹೊಸ ಬ್ರಾಕೆಟ್ಟುಗಳನ್ನು ಬೆಸೆದರು. ಆಕ್ಸಲ್ಲು ಆಚೀಚೆ ಜರುಗದಂತೆ ಅಡ್ಡಕ್ಕೊಂದು ಉದ್ದಕ್ಕೆರಡು ರಾಡು ಕೊಟ್ಟರು. ಇಂಜಿನ್ನಿನಿಂದ ಹಿಂದಕ್ಕೆ ಹೋಗುವ ಶಾಫ್ಟು ಅಳತೆಗೆ ಸರಿಬಾರದೆ ಅದನ್ನು ಲೇತಿಗೆ ಹಾಕಿ ಕುಯ್ಯಿಸಿ ತಂದರು. ಕೊನೆಗೆ ಕೆಳಗಿಳಿಸಿದಾಗ ಚಕ್ರಗಳು ಮಡ್‌ಗಾರ್ಡಿನಿಂದ ಗೇಣುದ್ದ ಹೊರಗೆ ಚಾಚಿಕೊಂಡು, ಜೀಪು ಜಗಳಕ್ಕೆ ನಿಂತ ಪೈಲ್ವಾನನ ಹಾಗೆ ಕಂಡಿತು. ಎಂಟು ಬೇಲಿನ ತೂಕಕ್ಕೆ ಮರಳಿನ ಮೂಟೆ ಪೇರಿಸಿ ಓಡಿಸಿದೆವು. ಆಹಾ! ಗುಂಡಿಯೆಲ್ಲ ಹಾಸಿಗೆಯಾದಂತಿತ್ತು.

ಮೂಟೆ ಇಳಿಸಿ, ಟಾರು ರಸ್ತೆಯಲ್ಲಿ ಅಕ್ಕನ ಮನೆಗೆ ತಂದೆವು. ಅಕ್ಕ ಹೊರಗೆ ಬಂದು ಸುತ್ತ ನೋಡಿದಳು, ಬಗ್ಗಲಾಗದೆ ಕೋಲಿನಿಂದ ಸ್ಪ್ರಿಂಗನ್ನು ಮುಟ್ಟಿದಳು. ಆರು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಸ್ಟೇರಿಂಗು ಹಿಡಿದು ಗಾಡಿದಾರಿಗೆ ತಿರುಗಿಸಿದಳು. ಮೊದಲನೇ ಕೊರಕಲಿಗೇ ಜೀಪು ಮೇಕೆಮರಿಯ ಹಾಗೆ ಎಗರಿತು. ಅಕ್ಕ ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿ, ಎರಡು ಕೈಯಲ್ಲೂ ಸ್ಟೇರಿಂಗು ಹಿಡಿದು ಕೂತಳು. "ಅಳೇದೇ ವಾಸಿಯಾಗಿತ್ತು ಕಣೋ," ಎಂದು ಇಳಿದು, ಮೆಲ್ಲಗೆ ಮನೆ ಕಡೆ ನಡೆದಳು. ಪುಟ್ಟಣ್ಣನಿಗೆ ಹೂಂ ಎಂದು ಹೇಳಿಬಿಡಿ ಎಂದು ಅವತ್ತು ಸಂಜೆ ತಾನೇ ಭಾವನಿಗೆ ಹೇಳಿದಳಂತೆ. ಉಗಾದಿಗೆ ಇನ್ನು ಹನ್ನೆರಡು ದಿನ ಇತ್ತು.

ಮಾರನೇ ದಿನ ಗ್ಯಾರೇಜಿಗೆ ವಾಪಸು ಒಯ್ದ ಜೀಪಿನ ಕೆಳಗೆ ನಯಾಜ್ ಭಾಯ್ ತೂರಿ ಎಲ್ಲ ನೋಡಿ ಹೊರಬಂದರು. ಕೆಲಸದಲ್ಲಿ ತಪ್ಪಿಲ್ಲ, ಲೋಡಿದ್ದರೆ ತಾನೇ ಈ ಸ್ಪ್ರಿಂಗು ಬಗ್ಗುವುದು ಎಂದವರು ನನ್ನ ಮುಖ ನೋಡಿದರು. ನಿಜವಾಗಿ ಎಷ್ಟು ಬೇಲು ಹಾಕ್ತೀರಿ ಎಂದು ಮೆಲ್ಲಗೆ ಕೇಳಿದರು. ಗ್ಯಾರೇಜಿನಲ್ಲಿ ಅವತ್ತು ಬೇರೆ ಯಾರೂ ಇರಲಿಲ್ಲ. ಅಪ್ಪ ಹೋದಮೇಲೆ ಒಂದು ಬೇಲನ್ನೂ ಹಾಕಿಲ್ಲ ಎಂದು ಒಪ್ಪಿಕೊಂಡೆ. ಎಷ್ಟೋ ವರ್ಷದಿಂದ ಅಕ್ಕನ ಸೊಪ್ಪು ಹೋಗುತ್ತಿದ್ದದ್ದು ಬಾಡಿಗೆ ಟೆಂಪೋದಲ್ಲಿ. ನಯಾಜ್ ಭಾಯ್ ಸ್ಪ್ಯಾನರ್ ಕೆಳಗಿಟ್ಟರು.

"ಮೇಷ್ಟ್ರೇ, ರವಿಕೆ ಹೊಲಿಸೋಕೆ ಯಾರಾದ್ರೂ ತಮ್ಮನನ್ನ ಅಳತೆಗೆ ಕಳಿಸ್ತಾರಾ? ಅಕ್ಕಾವ್ರನ್ನ ಕರ್ಕೊಂಡು ಬನ್ನಿ."

ಹೋದೆ. ಅಕ್ಕನ ಮಂಚದ ತುದಿಯಲ್ಲಿ ಕೂತು ಎಂಟು ಬೇಲಿನ ಕಥೆ ಹೇಳಿದೆ. ಬೈದಾಳು ಎಂದುಕೊಂಡಿದ್ದೆ. ಅವಳು ಬೆನ್ನು ಹಿಡಿದುಕೊಂಡು ನಕ್ಕಳು, ನೋವಾಗಿ ಅಯ್ಯೋ ಎಂದಳು, ಮತ್ತೆ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಎಲ್ಲಾನೂ ಮಾಡ್ದೆ. ನನ್ನ ಒಂದು ಮಾತು ಕೇಳೋಕೆ ಏನಾಗಿತ್ತೋ ನಿಂಗೆ?" ಎಂದಳು. ಉಪಕಾರ ಮಾಡುವ ಹುರುಪಿನಲ್ಲಿ ಯಾರಿಗೆ ಮಾಡುತ್ತಿದ್ದೇನೆ ಎಂಬುದನ್ನೇ ಮರೆತಿದ್ದೆ.

ಭಾವ ಅವಳನ್ನು ಕಾರಿನಲ್ಲಿ, ಹಿಂದೆ ಎರಡು ದಿಂಬು ಕೊಟ್ಟು, ಗ್ಯಾರೇಜಿಗೆ ಕರೆತಂದ. ಅಕ್ಕ ಕುರ್ಚಿ ಹಾಕಿಸಿಕೊಂಡು ಕೂತು ನಯಾಜ್ ಭಾಯಿಯನ್ನು ಒಂದು ಗಂಟೆ ವಿಚಾರಿಸಿಕೊಂಡಳು. ಯಾವ ತಿರುವಿನಲ್ಲಿ ಎಷ್ಟಾಳದ ಕೊರಕಲು, ಎಲ್ಲಿ ಕಲ್ಲು, ಎಲ್ಲಿ ಕೆಸರು, ಎಲ್ಲ ಬಾಯಲ್ಲೇ ಬರೆದುಕೊಟ್ಟಳು. ನಯಾಜ್ ಭಾಯ್ ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹಿಂದೆ ಒಂದು ಮೂಟೆ ಗೊಬ್ಬರ, ಔಷಧಿ ಹೊಡೆಯುವ ಕ್ಯಾನು, ಜೊತೆಗೆ ಇಬ್ಬರು ಆಳಿನ ಲೆಕ್ಕಕ್ಕೆ ನನ್ನನ್ನೂ ಭಾವನನ್ನೂ ಹತ್ತಿಸಿ ಅಳತೆ ತೆಗೆದರು. ಸಣ್ಣ ಗಾಡಿಯ ಮೆತ್ತಗಿನ ಸ್ಪ್ರಿಂಗು ಹಾಕುತ್ತೇನೆ, ಆದರೆ ಮುಂದೆ ಈ ಜೀಪು ಬೇಲು ಹೊರುವುದಿಲ್ಲ, ನಿಮ್ಮ ಅಪ್ಪಾಜಿಯ ಗಾಡಿ, ಯೋಚನೆ ಮಾಡಿ ಎಂದರು.

ಅಕ್ಕನಿಗೆ ಯೋಚನೆ ಬೇಕಿರಲಿಲ್ಲ. "ಬೇಲು ಟೆಂಪೋದಲ್ಲಿ ಓಯ್ತವೆ ಬುಡಿ ಭಾಯ್. ಓಗ್ಬೇಕಾಗಿರೋದು ನಾನು."

ಭಾವ ಜೀಪಿನಿಂದ ಇಳಿದು ಹೊರಗೆ ಹೋದ. ಪುಟ್ಟಣ್ಣನಿಗೆ ಫೋನು ಮಾಡಿ ಬೇಡ ಎಂದು ಹೇಳಲು ಹೋದದ್ದು ಎಂದು ಆಮೇಲೆ ತಿಳಿಯಿತು. ಅದು ತಿಳಿದಾಗ ನನ್ನ ಭಾವನ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಅವನಿಗೆ ಇದುವರೆಗೂ ಹೇಳಿಲ್ಲ.

ಉಗಾದಿಯ ಬೆಳಿಗ್ಗೆ ಅಕ್ಕ ಜೀಪು ಓಡಿಸಿದಳು. ನಾನು ಪಕ್ಕದಲ್ಲಿ ಕಂಬಿ ಹಿಡಿದು, ಪ್ರತಿ ಕೊರಕಲಿಗೂ ಅವಳ ಮುಖ ನೋಡುತ್ತ ಕೂತೆ. ಚಕ್ರ ಇಳಿಯುತ್ತಿತ್ತು, ಏಳುತ್ತಿತ್ತು, ಅವಳು ಅಲುಗದೆ ಕೂತಿದ್ದಳು. ನನ್ನ ಮುಖ ಏನು ನೋಡ್ತೀಯ, ದಾರಿ ನೋಡು ಎಂದಳು. ಹೊಲದಲ್ಲಿ ಪುಟ್ಟಣ್ಣನೇ ಎತ್ತು ಹೂಡಿಕೊಂಡು ಕಾಯುತ್ತಿದ್ದ. ಕೈತಪ್ಪಿದ ಹೊಲಕ್ಕೆ ತಾನೇ ಅಕ್ಕನ ಹೆಸರಲ್ಲಿ ಹೊನ್ನಾರು ಹೂಡಿಕೊಟ್ಟ ದೊಡ್ಡ ಮನಸ್ಸಿನವನು, ಮುಂದಿನ ವರ್ಷವಾದರೂ ಯೋಚಿಸಿ ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಅಕ್ಕ ಎತ್ತಿಗೆ ಪೂಜೆ ಮಾಡಿ, ಮೊದಲ ಸಾಲಿನ ಮಣ್ಣನ್ನು ಕಣ್ಣಿಗೊತ್ತಿಕೊಂಡಳು. ನಾನು ಅತ್ತೆ. ಕಂದಕದ ಆಚೆ ಏನೋ ನೋಡುವವನ ಹಾಗೆ ತಿರುಗಿಕೊಂಡು ಅತ್ತೆ.

ಬಸ್ಸು ಹುಣಸೂರು ಮುಟ್ಟಿದಾಗ ಗೋಣಿಚೀಲದವರು ಇಳಿದುಹೋದರು. ನಾನು ಇನ್ನೊಂದು ಬಸ್ಸು ಹಿಡಿದು ಅಕ್ಕನ ಊರಿಗೆ ಬಂದೆ. ಬೆನ್ನುನೋವಿನಲ್ಲಿ ಅವಳು ಮಲಗಿದ್ದ ಆ ಆರು ತಿಂಗಳು ನಾನು ಯಾವಾಗ ಬಂದರೂ, ಹೇಳದೆ ಕೇಳದೆ ಬಂದರೂ, ಅಕ್ಕ ಮನೆಯಲ್ಲೇ ಸಿಗುತ್ತಿದ್ದಳು. ಇವತ್ತು ಬರುತ್ತೇನೆಂದು ನಿನ್ನೆಯೇ ಫೋನು ಮಾಡಿದ್ದೆ. ಬಾಗಿಲಿಗೆ ಬೀಗ ಹಾಕಿತ್ತು. ಜೀಪು ಇರಲಿಲ್ಲ. ನಾನು ಜಗಲಿಯ ಮೇಲೆ ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತು, ಆ ಬೀಗವನ್ನು ಕಣ್ತುಂಬ ನೋಡುತ್ತಿದ್ದೇನೆ.