ಸೋಮವಾರದ ಬುತ್ತಿ ನಿಂತ ಬಗೆ

ಪ್ರತಿ ಸೋಮವಾರ ಮುಂಜಾನೆ ನಮ್ಮ ಭಾಗದ ಮುನ್ನೂರಕ್ಕೂ ಮಿಕ್ಕ ಜನರ ಮೊಬೈಲುಗಳಿಗೆ ಬರುತ್ತಿದ್ದ, ಆಯ್ದ ಬರಹಗಳ ‘ಸೋಮವಾರದ ಬುತ್ತಿ’ ಈ ಶ್ರಾವಣದಿಂದ ನಿಂತುಹೋಗಿದೆ. ಅದನ್ನು ಕಟ್ಟಿ ಕಳಿಸುತ್ತಿದ್ದ ಶಿವಯೋಗೆಪ್ಪನವರ ಆರೋಗ್ಯ ಕೆಟ್ಟಿತೇ, ಅಂಗಡಿಯನ್ನು ಮುಚ್ಚಿದರೇ ಎಂದು ಹಲವರು ನನ್ನನ್ನು ಕೇಳಿದರು. ಎರಡೂ ಅಲ್ಲ. ನಡೆದುದನ್ನು ನಡೆದಂತೆ ಬರೆಯಲು ಅವರ ಅಪ್ಪಣೆ ಪಡೆದಿದ್ದೇನೆ. “ಬರೀರಿ ಸರ್, ಆದ್ರ ಆ ಊರಿನ ಹೆಸರ ಮಾತ್ರ ಬ್ಯಾಡ” ಎಂದರು. ಆ ಊರಿನ ಹೆಸರು ಇಲ್ಲಿ ಎಲ್ಲಿಯೂ ಬರುವುದಿಲ್ಲ. ಗುರುತಾಗಬಹುದಾದ ಒಂದೆರಡು ವಿವರಗಳನ್ನೂ ತಿಳಿದೇ ಬದಲಿಸಿದ್ದೇನೆ.

ಶಿವಯೋಗೆಪ್ಪನವರು ಬಬಲೇಶ್ವರದವರು, ವಯಸ್ಸು ಅರವತ್ತೆರಡು. ವಿಜಯಪುರದ ಗಾಂಧಿ ಚೌಕದಿಂದ ಒಳಗೆ ಹೊಕ್ಕರೆ ಸಿಗುವ ಓಣಿಯೊಂದರಲ್ಲಿ, ಬಳೆಗಾರರ ಅಂಗಡಿಗೆ ಅಂಟಿಕೊಂಡಂತೆ, ಅವರ ಲಗ್ನಪತ್ರಿಕೆಯ ಅಂಗಡಿಯಿದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ ಆ ವೃತ್ತಿಗೆ ಬಂದವರು ಕಂಪ್ಯೂಟರಿನ ಕಾಲದಲ್ಲಿಯೂ ಅದರಲ್ಲಿಯೇ ಉಳಿದರು. ಮುಂಜಾನೆ ಲಿಂಗಪೂಜೆ ಮುಗಿಸಿ ಬಬಲೇಶ್ವರದ ಬಸ್ಸು ಹತ್ತುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು, ನಡುವೆ ಪರರ ಮನೆಯ ಶುಭಕಾರ್ಯಗಳಿಗೆ ಅಕ್ಷರ ಕೂಡಿಸುವುದು. ಇಷ್ಟೇ ಅವರ ಬಾಳಿನ ಹೊರಮೈ.

ನಮ್ಮ ಕಡೆಯ ಲಗ್ನಪತ್ರಿಕೆಗಳನ್ನು ನೋಡಿದವರಿಗೆ ತಿಳಿದಿರುತ್ತದೆ: ಅಲ್ಲಿ ಯಾವ ಹೆಸರೂ ಒಂಟಿಯಾಗಿ ನಿಲ್ಲುವುದಿಲ್ಲ. ವರನ ಹೆಸರಿನ ಕೆಳಗೆ, ವಧುವಿನ ಹೆಸರಿನ ಕೆಳಗೆ, ಸೋದರಮಾವನ ಹೆಸರಿನ ಕೆಳಗೂ ‘ಸಾ॥’ ಎಂದು ಬರೆದು ಊರ ಹೆಸರನ್ನು ಹಾಕುತ್ತಾರೆ. ಸಾಕಿನ್ ಎಂಬ ಹಳೆಯ ಕಚೇರಿಯ ಮಾತಿನ ತಲೆಯಕ್ಷರ ಅದು; ಇಂಥ ಊರಿನ ನಿವಾಸಿ ಎಂದರ್ಥ. ನಲವತ್ತು ವರ್ಷ ಇದನ್ನೇ ಅಚ್ಚಿಗೆ ಕೂಡಿಸಿದ ಶಿವಯೋಗೆಪ್ಪನವರಿಗೆ ಊರಿಲ್ಲದ ಹೆಸರನ್ನು ಕಂಡರೆ ಕೈ ಮುಂದಕ್ಕೆ ಸರಿಯುತ್ತಿರಲಿಲ್ಲ. “ಹೆಸರ ಅಂದ್ರ ಬರೇ ತಲಿ ಸರ್. ಸಾಕಿನ್ ಹಾಕಿದ ಮ್ಯಾಲನ ಅದಕ್ಕ ಕಾಲ ಮೂಡ್ತಾವ” ಎಂದು ಒಮ್ಮೆ ನನಗೆ ಹೇಳಿದ್ದರು.

ರೋಗದ ಭಯದಿಂದ ಮದುವೆಗಳೆಲ್ಲ ನಿಂತ ಎರಡು ಸಾವಿರದ ಇಪ್ಪತ್ತನೆಯ ಇಸವಿಯ ಬೇಸಗೆಯಲ್ಲಿ ಅವರು ಅಂಗಡಿಯ ಕಂಪ್ಯೂಟರನ್ನು ಬಬಲೇಶ್ವರದ ಮನೆಗೆ ಒಯ್ದರು. ಕೂಡಿಸಲು ಅಕ್ಷರಗಳಿಲ್ಲದಾಗ ಓದಲು ತೊಡಗಿದರು. ಹೆಸರಾಂತವರ ಬರಹವಲ್ಲ, ಯಾರೂ ಕೇಳದೆ, ಯಾರೂ ಕಾಸು ಕೊಡದೆ, ತಮ್ಮಷ್ಟಕ್ಕೆ ತಾವು ಬ್ಲಾಗು ಬರೆಯುವ ಸಾಮಾನ್ಯರ ಬರಹ. ಗೂಡ್ಸ್ ಗಾಡಿ ಹೋದ ಮೇಲೆ ಹಳಿಗಳಲ್ಲಿ ಉಳಿಯುವ ಮಿಡಿತವನ್ನು ಕುರಿತು ಬರೆಯುವ ರೈಲ್ವೆ ಗೇಟಿನವರು. ವಾರ್ಡಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿ ಒಳಗಿನವರ ಊರನ್ನು ಊಹಿಸುವ ದಾದಿ. ಗಿಳಿಗಳ ಲೆಕ್ಕವಿಡುವ ನಿವೃತ್ತ ಕಂಡಕ್ಟರು. “ಇವ್ರದ್ದನ್ನ ನಾ ಒಬ್ಬನ ಓದಿದ್ರ ಬಾಗಲಾ ಹಾಕ್ಕೊಂಡ ಉಂಡಂಗ ಆಕ್ಕೈತಿ” ಎಂದು ಹೆಂಡತಿ ಗೌರಾಬಾಯಿಗೆ ಹೇಳಿ, ವಾರವೆಲ್ಲ ಓದಿದುದರಲ್ಲಿ ಎಂಟೊಂಬತ್ತನ್ನು ಆಯ್ದು, ಪ್ರತಿಯೊಂದಕ್ಕೂ ನಾಲ್ಕು ಸಾಲಿನ ಪರಿಚಯ ಬರೆದು, ಲಿಂಕುಗಳೊಡನೆ ಸೋಮವಾರ ಕಳಿಸತೊಡಗಿದರು. ಪ್ರತಿ ಪರಿಚಯದ ಕೊನೆಗೆ, ಲಗ್ನಪತ್ರಿಕೆಯಲ್ಲಿ ಇರುವಂತೆಯೇ, ಬರೆದವರ ಹೆಸರು ಮತ್ತು ‘ಸಾ॥’.

ಬ್ಲಾಗಿನಲ್ಲಿ ಎಷ್ಟೋ ಜನ ಊರನ್ನು ಹೇಳುವುದಿಲ್ಲ. ಕೆಲವರು ಹೆಸರನ್ನೂ ಹೇಳುವುದಿಲ್ಲ. ಶಿವಯೋಗೆಪ್ಪನವರು ಅಂಥವರ ಊರನ್ನು ಬರಹದೊಳಗಿಂದಲೇ ಹೆಕ್ಕುತ್ತಿದ್ದರು. ಒಬ್ಬ ಮಾಸ್ತರರು ತಮ್ಮೂರಿನ ಬಾವಿಗೆ ಹದಿನೇಳು ಮೆಟ್ಟಿಲು, ಎರಡು ಮುರಿದಿವೆ ಎಂದು ಬರೆದದ್ದರಿಂದಲೇ ಊರನ್ನು ಕಂಡುಹಿಡಿದಾಗ ಆ ಮಾಸ್ತರರು ಫೋನು ಮಾಡಿ ನಕ್ಕು ಹರಸಿದರು. ಅಂದಿನಿಂದ ಓದುಗರು ಲಿಂಕಿಗಿಂತ ಮೊದಲು ‘ಸಾ॥’ ನೋಡುವಂತಾದರು. ನಾನೂ ಹಾಗೆಯೇ ನೋಡುತ್ತಿದ್ದೆ. ಅಂಕಿತವಿಲ್ಲದ ವಚನ ಯಾರದೆಂದು ತಿಳಿಯದೆ ತೊಳಲುವಂತೆ ಊರಿಲ್ಲದ ಬರಹವೂ ತೊಳಲುತ್ತದೆ, ನೀವು ಅದಕ್ಕೆ ನೆಲೆ ಕೊಡುತ್ತಿದ್ದೀರಿ ಎಂದು ಅವರಿಗೆ ಹೇಳಿದವನು ನಾನು. ಹಸ್ತಪ್ರತಿಗಳಲ್ಲಿ ಕವಿಯ ಊರನ್ನು ಹುಡುಕುತ್ತ ಆಯುಸ್ಸು ಕಳೆದವನಿಗೆ, ಬದುಕಿರುವವರ ಊರನ್ನು ಹುಡುಕುವುದು ಬೇರೆಯೇ ಕಾರ್ಯವೆಂದು ಹೊಳೆಯಲಿಲ್ಲ.

ಕಳೆದ ವರ್ಷ ಮಾಘದ ಹೊತ್ತಿಗೆ ಅವರ ಕಣ್ಣಿಗೆ ಒಂದು ಬ್ಲಾಗು ಬಿತ್ತು. ಹೆಸರಿರಲಿಲ್ಲ. ದ್ರಾಕ್ಷಿ ಬೆಳೆಯುವ ತಿಕೋಟಾ ಸೀಮೆಯ ಯಾವುದೋ ಊರಿನ ಸೊಸೆ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ದುಡಿಯುವವಳು ಎಂಬುದಷ್ಟೇ ತಿಳಿಯುತ್ತಿತ್ತು. ಬಿಡಿಸಿ ತಂದ ಹಣ್ಣನ್ನು ಸಾಲುಸಾಲು ಜಾಳಿಗೆಗಳ ಮೇಲೆ ಹರಡಿ, ಹದಿನೈದು ದಿನ ಗಾಳಿಗೆ ಒಣಗಿಸುವ ಮನೆ ಅದು. ಮೊದಲ ದಿನ ಹಣ್ಣು ತನ್ನ ಭಾರಕ್ಕೆ ತಾನೇ ನಾಚಿ ಮಲಗಿರುತ್ತದೆ, ಹದಿನೈದನೆಯ ದಿನ ಹಗುರಾಗಿ ಗಲಗಲ ನಗುತ್ತದೆ ಎಂದು ಆಕೆ ಬರೆದಿದ್ದಳು. ಹೊಸ ಬರಹ ಕಂಡ ದಿನವೇ ಶಿವಯೋಗೆಪ್ಪನವರು ಅದನ್ನು ಹಾಳೆಯ ಮೇಲೆ ಮುದ್ರಿಸಿಕೊಂಡು ಗೌರಾಬಾಯಿಗೆ ಓದಿ ಹೇಳುವರು. ಬೇರೆ ಯಾರ ಬರಹಕ್ಕೂ ಅವರು ಕಾಗದ ಬಳಸಿದವರಲ್ಲ.

ಹನ್ನೊಂದನೆಯ ಬರಹ ಆಕೆಯ ಮಾವನನ್ನು ಕುರಿತದ್ದು. ತಮ್ಮನು ಬೇರೆಯಾದಂದಿನಿಂದ ಆ ಹಿರಿಯ ದಿನವೂ ಶೆಡ್ಡಿನ ಹಿಂಬದಿಗೆ ಹೋಗಿ, ಜಾಳಿಗೆಗಳತ್ತ ಮುಖ ಮಾಡಿ ಅಳುತ್ತಾನೆ. ಮನೆಯಲ್ಲಿ ಯಾರಿಗೂ ತೋರಗೊಡುವುದಿಲ್ಲ. ಸೊಸೆ ಒಳಗೆ ಬರುವಾಗ ಬೇಕೆಂದೇ ಬಳೆಗಳ ಸಪ್ಪಳ ಮಾಡುತ್ತ ಬರುತ್ತಾಳೆ, ಅವನು ಕಣ್ಣೊರೆಸಿಕೊಳ್ಳಲಿ ಎಂದು. ಇಷ್ಟೇ ಬರಹ. ಓದಿದ ಶಿವಯೋಗೆಪ್ಪನವರಿಗೆ, ಇದನ್ನು ನಾಲ್ಕು ಜನ ಓದದಿದ್ದರೆ ತಾನು ಬುತ್ತಿ ಕಟ್ಟುವುದೇ ವ್ಯರ್ಥವೆನ್ನಿಸಿತು. ಕಟ್ಟಲು ಕುಳಿತಾಗ ಅದೇ ಹಳೆಯ ತೊಡಕು: ಹೆಸರಿಲ್ಲ, ಊರೂ ಇಲ್ಲ. ಆಕೆಯ ಬರಹಗಳನ್ನೆಲ್ಲ ಮತ್ತೆ ಓದಿದರು. ಸಂಜೆಯ ಬಸ್ಸು ಬೇವಿನ ಗಿಡವನ್ನು ಸುತ್ತಿ ತಿರುಗುತ್ತದೆ ಎಂಬ ಮಾತು ಒಂದೆಡೆ, ನಸುಕಿನಲ್ಲಿ ಮೂಡಣಕ್ಕೆ ಗೋಳಗುಮ್ಮಟ ಮಗುಚಿದ ಗಡಿಗೆಯಂತೆ ಕಾಣುತ್ತದೆ ಎಂಬ ಮಾತು ಇನ್ನೊಂದೆಡೆ. ತಿಕೋಟಾದ ಬಸ್ ನಿಲ್ದಾಣಕ್ಕೆ ಹೋಗಿ ವೇಳಾಪಟ್ಟಿ ನೋಡಿ ಬಂದರು. ಎರಡು ದಿನಕ್ಕೆ ಊರು ಸಿಕ್ಕಿತು. ಸೋಮವಾರದ ಬುತ್ತಿಯಲ್ಲಿ ಆಕೆಯ ಬರಹವೇ ಮೊದಲು. ಕೊನೆಗೆ, ‘ಹೆಸರು ಗೊತ್ತಿಲ್ಲ, ಸಾ॥’ ಎಂದು ಬರೆದು, ಊರ ಹೆಸರನ್ನು ಕೂಡಿಸಿದರು.

ಮಂಗಳವಾರ ನಾನು ಅವರ ಅಂಗಡಿಗೆ ಹೋದೆ. ಫೋನಿನ ಮೇಲೆ ಫೋನು. ಎಲ್ಲರೂ ಆ ಬರಹವನ್ನೇ ಕೊಂಡಾಡುತ್ತಿದ್ದರು. ನಾನು ಸಂಜೆಯವರೆಗೂ ಕುಳಿತು, ಊರನ್ನು ಹೇಗೆ ಕಂಡುಹಿಡಿದಿರೆಂದು ಮೂರು ಸಲ ಹೇಳಿಸಿಕೊಂಡೆ. ಬುಧವಾರ, ಗುರುವಾರ ಲಗ್ನಪತ್ರಿಕೆಗಳ ಒತ್ತಡ.

ಶುಕ್ರವಾರ ಮನೆಯ ವಾಸ್ತುಶಾಂತಿಗೆ ಕಾರ್ಡು ಮಾಡಿಸಲು ಪರಸಪ್ಪ ಎಂಬಾತ ಬಂದ. ಅದೇ ಊರಿನವನು. ಕುರ್ಚಿ ಎಳೆದುಕೊಂಡು ಕುಳಿತವನೇ ನಕ್ಕ.

“ನಮ್ಮೂರ ಹೆಸರ ಭಾಳ ಮ್ಯಾಲಕ್ಕೆತ್ತೀರಿ ಬಿಡ್ರಿ. ಮೊಬೈಲ್‌ದಾಗ ಎಲ್ಲಾರೂ ಅದನ್ನ ಓದಾಕತ್ತಾರ.”

“ಆ ತಾಯಿ ಯಾರಂತ ಗೊತ್ತೇನ್ರಿ ನಿಮಗ?” ಎಂದು ಶಿವಯೋಗೆಪ್ಪನವರು ಹಿಗ್ಗಿನಿಂದಲೇ ಕೇಳಿದರು.

“ಊರಾಗ ಇರೂದ ನಾಕ ಶೆಡ್ಡು. ತಮ್ಮ ಬ್ಯಾರೆ ಆಗಿದ್ದು ಒಬ್ಬಂದು. ಇದಕ್ಕೇನ ಪಂಚಾಂಗ ನೋಡಬೇಕೇನ್ರಿ?” ಪರಸಪ್ಪನ ನಗು ನಿಲ್ಲಲಿಲ್ಲ. “ಈಗ ಹಿರ್ಯಾ ಹೊಟೇಲ್ ಮುಂದ ಹಾದ ಅಂದ್ರ ಸಾಕು, ಹುಡುಗುರು ‘ಲೇ, ಬಳಿ ಸಪ್ಪಳ ಮಾಡ್ರಲೇ’ ಅಂತಾವ. ಪಾಪ, ಹೊರಗ ಬರೂದ ಬಿಟ್ಟಾನ. ಇರ್ಲಿ, ನಮ್ಮ ಕಾರ್ಡಿನ್ಯಾಗ ಸಾಕಿನ್ ದಪ್ಪ ಅಕ್ಷರದಾಗ ಹಾಕ್ರಿ.”

ಅವನು ಹೋದ ಮೇಲೆ ಶಿವಯೋಗೆಪ್ಪನವರು ಕಂಪ್ಯೂಟರು ತೆರೆದರು. ಆಕೆಯ ಬ್ಲಾಗು ಇರಲಿಲ್ಲ. ಆ ವಿಳಾಸದಲ್ಲಿ ಯಾವ ಪುಟವೂ ಇಲ್ಲವೆಂಬ ಒಂದು ಸಾಲು ಮಾತ್ರ ಇತ್ತು. ಬುತ್ತಿಯನ್ನು ಮರಳಿ ಪಡೆಯುವುದಂತೂ ಸಾಧ್ಯವಿರಲಿಲ್ಲ. ಮುನ್ನೂರು ಮನೆಗಳಿಂದ ಅದು ಎಷ್ಟು ಮನೆಗಳಿಗೆ ಹೋಗಿತ್ತೋ. ಆಕೆ ಬರೆದುದೆಲ್ಲ ಈಗ ಉಳಿದಿದ್ದದ್ದು ಅವರ ಮೇಜಿನ ಖಾನೆಯಲ್ಲಿದ್ದ ಹನ್ನೊಂದು ಹಾಳೆಗಳಲ್ಲಿ.

ಹೋಗಿ ಕಾಲಿಗೆ ಬಿದ್ದು ಹಾಳೆಗಳನ್ನು ಒಪ್ಪಿಸಿ ಬರುತ್ತೇನೆಂದು ಅವರು ಹೊರಟಾಗ ಗೌರಾಬಾಯಿ ಬಾಗಿಲಲ್ಲಿ ನಿಂತರು.

“ಯಾರ ಮನಿಗಿ ಹೋಗಾವ್ರು?”

“ಆಕೀ ಮನಿಗಿ.”

“ಊರಾಗ ಇಳದು ಯಾರನ್ನ ಕೇಳ್ತೀರಿ, ಅಳೂ ಹಿರ್ಯಾನ ಮನಿ ಯಾವುದಂತನೋ? ಇಷ್ಟ ದಿನ ಬರೇ ಊರ ತೋರ್ಸೀರಿ. ಈಗ ಮನೀನೂ ತೋರ್ಸಿ ಬರ್ರಿ.”

ಆದರೂ ಅವರು ಹೊರಟರು. ಹಾಳೆಗಳನ್ನು ಲಗ್ನಪತ್ರಿಕೆಯ ಲಕೋಟೆಯಲ್ಲಿಟ್ಟು, ಅರಿಷಿಣ ಹಚ್ಚಿ, ಲಗ್ನಕ್ಕೆ ಕರೆಯಲು ಹೊರಟವರಂತೆ ತಿಕೋಟಾದವರೆಗೆ ಹೋದರು. ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದಾಗ ಪಕ್ಕದ ಮುದುಕಿಯೊಬ್ಬಳು ಕೇಳಿದಳು:

“ಯಾವೂರಿಗಿ ಹೊಂಟೀಯೋ ಯಪ್ಪಾ?”

ನಲವತ್ತು ವರ್ಷ ಊರ ಹೆಸರನ್ನೇ ಕೂಡಿಸಿದವರ ಬಾಯಿಗೆ ಆ ಹೆಸರು ಬರಲಿಲ್ಲ. “ಎಲ್ಲೀಗೂ ಇಲ್ಲವ್ವ” ಎಂದರು.

“ಎಲ್ಲೀಗೂ ಇಲ್ಲದಾಂವ ಬಸ್‌ಸ್ಟ್ಯಾಂಡಿಗಿ ಯಾಕ ಬಂದಿ? ಮನ್ಯಾಗ ಜಾಗಾ ಇರಲಿಲ್ಲೇನು?” ಎಂದು ಮುದುಕಿ ತನ್ನ ಗಂಟು ಸರಿಸಿಕೊಂಡಳು.

ಆ ಊರಿನ ಬಸ್ಸು ಬಂದಿತು, ಹೋಯಿತು. ಶಿವಯೋಗೆಪ್ಪನವರು ಲಕೋಟೆಯೊಡನೆ ಮರಳಿದರು.

ಮರುವಾರದಿಂದ ಬುತ್ತಿಯಲ್ಲಿ ‘ಸಾ॥’ ಇಲ್ಲವಾಯಿತು. ಉಪ್ಪು ಹಾಕುವುದನ್ನು ಮರೆತಿರಾ ಎಂದು ಓದುಗರು ಚೇಷ್ಟೆ ಮಾಡಿದರು. ಅದರ ಬದಲು ಪ್ರತಿ ಬುತ್ತಿಯ ತುದಿಗೂ ಒಂದೇ ಸಾಲು ಬರತೊಡಗಿತು: ‘ಹನ್ನೊಂದು ಹಾಳೆಗಳು ಅಂಗಡಿಯಲ್ಲಿ ಭದ್ರವಾಗಿವೆ. ಯಾರು ಬಂದರೂ ಹೆಸರು, ಊರು ಕೇಳುವುದಿಲ್ಲ.’ ಯಾರೋ ಗಿರಾಕಿ ಮರೆತುಹೋದ ಕಾಗದಗಳಿರಬೇಕೆಂದು ಬಹುಜನರು ತಿಳಿದರು. ವರ್ಷಕ್ಕೂ ಮಿಕ್ಕಿ, ಒಂದು ಸೋಮವಾರವೂ ತಪ್ಪದೆ, ಆ ಸಾಲು ಬಂದಿತು. ಅಂಗಡಿಯ ಮುಂದೆ ಹೆಣ್ಣುಮಕ್ಕಳು ನಿಂತರೆ ಶಿವಯೋಗೆಪ್ಪನವರು ಎದ್ದು ನಿಲ್ಲುವರು. ಅವರು ಬಳೆಗಾರರ ಅಂಗಡಿಗೆ ಬಂದವರಾಗಿರುತ್ತಿದ್ದರು.

ಈ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಬಂದಳು. ಅಂಗಡಿಯ ಮೆಟ್ಟಿಲನ್ನು ಹತ್ತದೆ ಕೆಳಗೇ ನಿಂತು, “ಹನ್ನೊಂದ ಹಾಳಿ ಅದಾವಂತಲ್ರಿ” ಎಂದಳು.

ಅವರು ಲಕೋಟೆಯನ್ನು ತಂದು ಕೊಟ್ಟರು. ಆಕೆ ಅಲ್ಲಿಯೇ ಬಿಚ್ಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ನಾ ಬರದಾಕಿ ಅಲ್ರಿ. ತರಾಕ ಕಳಿಸ್ಯಾಳ. ಆಕೀಗಿ ಈಗೂ ನಿಮ್ಮ ಬುತ್ತಿ ಬರ್ತೈತಿ. ಆದ್ರ ಹನ್ನೆರಡ ಇರಬೇಕಿತ್ತಂತ. ಇದ್ರ ತಾ ಅಂದಾಳ.”

“ಹನ್ನೊಂದರಿ ತಾಯಿ. ನಾನ ಒಂದೊಂದೂ ಮುದ್ರಿಸಿದಾಂವ.”

“ಹನ್ನೆರಡನೇದು ಆ ಮಂಗಳವಾರ ಬರದಿದ್ದಳಂತ. ಮಂದಿ ತನ್ನದನ್ನ ಓದಾಕತ್ತಾರ, ತನಗೂ ಒಂದ ಬುತ್ತಿ ಕಟ್ಟಿದವ್ರ ಅದಾರ ಅಂತ ಖುಷಿಯಾಗಿ. ಬುಧವಾರಕ್ಕ ಊರೆಲ್ಲಾ ಗೊತ್ತಾತು. ತಾನ ಎಲ್ಲಾ ಅಳಿಸಿದಳು.”

ಶಿವಯೋಗೆಪ್ಪನವರು ಕೇಳಿದರು: “ಮನ್ಯಾಗ ಭಾಳ ಬೈದ್ರೇನ್ರಿ?”

“ಯಾರೂ ಬೈಲಿಲ್ಲ. ಮಾವ ಒಂದ ಮಾತ ಕೇಳಿದನಂತ. ‘ಯವ್ವಾ, ಬಳಿ ಸಪ್ಪಳ ಅದಕ್ಕಾಗಿತ್ತೇನು?’ ಅಂತ. ಅದರ ಮ್ಯಾಲ ಆಂವ ಶೆಡ್ಡಿನ ಕಡೆ ಹೋಗಿಲ್ಲ. ಅಳೂದೂ ಕಾಣೂದಿಲ್ಲ.”

“ಈಗ ಬರೀತಾರೇನ್ರಿ ಅವ್ರು?”

“ಅದನ್ನ ಕೇಳಿದ್ರ ಹೇಳಬ್ಯಾಡ ಅಂದಾಳ” ಎಂದು ಆಕೆ ಲಕೋಟೆಯನ್ನು ಸೆರಗಿನೊಳಗಿಟ್ಟುಕೊಂಡು ಚೌಕದ ಗದ್ದಲದೊಳಗೆ ಸೇರಿಹೋದಳು. ಯಾವ ಕಡೆಯ ಆಟೋ ಹತ್ತಿದಳೆಂದು ನೋಡಬಾರದೆಂದು ಶಿವಯೋಗೆಪ್ಪನವರು ಗೋಡೆಯ ಕಡೆ ತಿರುಗಿ ನಿಂತರಂತೆ.

ಆ ವಾರ ಬುತ್ತಿ ಕಟ್ಟಲು ಕುಳಿತರು. ಒಂಬತ್ತು ಲಿಂಕುಗಳಿದ್ದವು, ಒಳ್ಳೆಯವೇ. ಕೈ ಏಳಲಿಲ್ಲ. ಮರುವಾರವೂ ಏಳಲಿಲ್ಲ. ಈಗಲೂ ಲಗ್ನಪತ್ರಿಕೆಗಳನ್ನು ಕೂಡಿಸುತ್ತಾರೆ, ‘ಸಾ॥’ ಬಂದಲ್ಲಿ ಗಿರಾಕಿಯನ್ನು ಒಮ್ಮೆ ಕೇಳುತ್ತಾರೆ, “ಹಾಕಲೇನ್ರಿ?” ಎಂದು. ಇದೆಂಥ ಪ್ರಶ್ನೆಯೆಂದು ಜನ ನಗುತ್ತಾರೆ.

ಕಳೆದ ವಾರ ಇದನ್ನೆಲ್ಲ ನನಗೆ ಹೇಳಿ ಮುಗಿಸಿದಾಗ ಅವರು ಮೆಲ್ಲಗೆ ಅಂದರು: “ಹನ್ನೆರಡನೇದನ್ನ ಬರೆದಿದ್ದು ನಮಗಾಗಿ, ಸರ್. ಆವತ್ತ ಒಂದ ಸಲ ತೆರೆದಿದ್ರ ಸಾಕಿತ್ತು. ಅದೊಂದಾದ್ರೂ ಉಳೀತಿತ್ತು. ಆ ಮಂಗಳವಾರ ಅಂಥಾದ್ದೇನ ಕೆಲಸಿತ್ತೋ, ನೆನಪಾಗವಲ್ದು.”

ನನಗೆ ನೆನಪಿತ್ತು. ಆ ಮಂಗಳವಾರ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಅವರ ಎದುರಿಗೆ ಕುಳಿತು, ಊರು ಕಂಡುಹಿಡಿದ ಜಾಣ್ಮೆಯನ್ನು ಮೂರು ಸಲ ಹೇಳಿಸಿಕೊಂಡವನು ನಾನು. ಅದು ಅವರಿಗೂ ತಿಳಿದಿದ್ದಿರಬೇಕು. ಅವರು ಹೇಳಲಿಲ್ಲ, ನಾನೂ ಅಂದು ಹೇಳದೆ ಎದ್ದು ಬಂದೆ. ಇಲ್ಲಿ ಬರೆದಿದ್ದೇನೆ.