ದೇವರಿಗೆ ಹೇಳಿಟ್ಟ ದ್ರಾಕ್ಷಿ

ಆಗೆಲ್ಲ ನಾಶಿಕದಲ್ಲಿ ಫೆಬ್ರವರಿ ಬಂತೆಂದರೆ ಗಾಳಿಗೇ ಸಿಹಿ ಹತ್ತಿಕೊಳ್ಳುತ್ತಿತ್ತು. ದ್ರಾಕ್ಷಿ ತುಂಬಿದ ಟೆಂಪೊ ಗಲ್ಲಿ ದಾಟಿ ಹೋದ ಮೇಲೂ ಅದರ ವಾಸನೆ ಸ್ವಲ್ಪ ಹೊತ್ತು ನಿಂತೇ ಇರುತ್ತಿತ್ತು. ಅಪ್ಪನ ನೌಕರಿಗೆಂದು ಬೀದರಿನಿಂದ ಬಂದ ನಮಗೆ ಅಲ್ಲಿ ಎರಡೇ ಆಸ್ತಿ: ಬಾಡಿಗೆ ಮನೆಯ ಅಂಗಳದಲ್ಲಿ ಅವ್ವ ನೆಟ್ಟ ದ್ರಾಕ್ಷಿಬಳ್ಳಿ, ಮತ್ತೆ ಮರಾಠಿಯವರ ಆರಾಧನೆ ಮುಗಿದ ಮೇಲೆ ಕನ್ನಡದವರಿಗೆ ಬಿಟ್ಟುಕೊಡುತ್ತಿದ್ದ ಚರ್ಚು.

ಆ ವರ್ಷ ಬಳ್ಳಿ ಮೊದಲ ಸಲ ಕಾಯಿ ಬಿಟ್ಟಿತ್ತು. ಅದೇ ಹೊತ್ತಿಗೆ ತಂಗಿ ಶಾಂತಿಗೆ ಟೈಫಾಯ್ಡ್. ಗಂಜಿ, ನೀಲಗಿರಿ ಎಣ್ಣೆ, ಒದ್ದೆ ಬಟ್ಟೆಯ ವಾಸನೆಯಲ್ಲಿ ಮನೆ ತೂಕಡಿಸುತ್ತಿತ್ತು. ನಾವು ಲಗೋರಿ ಆಡುವುದನ್ನು ಅವಳು ಕಿಟಕಿಯಿಂದ ಅರೆಗಣ್ಣಲ್ಲಿ ನೋಡುತ್ತಿದ್ದಳು. ಮರುದಿನ ಕೇಳಿದರೆ ಕನಸು ಬಿದ್ದಿತ್ತು ಎನ್ನುತ್ತಿದ್ದಳು. ಜ್ವರ ನೆತ್ತಿಗೇರಿದ ಒಂದು ಮಧ್ಯಾಹ್ನ ಅವ್ವ ಮಂಚದ ಪಕ್ಕ ಮೊಣಕಾಲೂರಿದಳು.

“ಪ್ರಭು, ಈಕಿನ್ನ ನನಗ ಕೊಡು. ಬಳ್ಳಿದು ಮೊದಲಿನ ಹಣ್ಣೆಲ್ಲಾ ನಿನಗ.”

ಜ್ವರ ಇಳಿಯಿತು. ಆದರೆ ಶಾಂತಿ ಏನನ್ನೂ ತಿನ್ನಲೊಲ್ಲಳು, ಅನ್ನ ಕಂಡರೆ ಮುಖ ತಿರುಗಿಸುವಳು. ಅಷ್ಟರಲ್ಲಿ ಬಳ್ಳಿಯ ನಾಲ್ಕೈದು ಗೊಂಚಲು ಹಣ್ಣಾಗಿ, ಬಿಸಿಲು ಅವುಗಳ ಒಳಗಿಂದಲೇ ಹಾದು ಬರುತ್ತಿತ್ತು. ಒಂದು ದಿನ ಶಾಂತಿ ತಾನಾಗಿಯೇ ಬಾಯಿಬಿಟ್ಟಳು.

“ಅವ್ವಾ, ಆ ದ್ರಾಕ್ಷಿ ಬೇಕು.”

ಅಪ್ಪ ಪೇಟೆಗೆ ಓಡಿ ಬೇರೆ ದ್ರಾಕ್ಷಿ ತಂದ. ಅವಳು ಮುಟ್ಟಲಿಲ್ಲ, ಕಿಟಕಿಯತ್ತಲೇ ಬೆರಳು ತೋರಿಸಿದಳು.

“ಕೊಟ್ಟಬಿಡು. ದೇವರೇನು ಬ್ಯಾಡ ಅಂತಾನೇನು?” ಎಂದ ಅಪ್ಪ.

“ಅವ ಅನ್ನಂಗಿಲ್ರಿ. ಮಾತು ಕೊಟ್ಟಾಕಿ ನಾನು,” ಎಂದಳು ಅವ್ವ.

ನನಗೆ ಅವ್ವನ ಮೇಲೂ ದೇವರ ಮೇಲೂ ಸಿಟ್ಟು ಬಂತು. ಇಷ್ಟು ದೊಡ್ಡ ನಾಶಿಕದಲ್ಲಿ ಅವನಿಗೆ ನಮ್ಮ ಬಳ್ಳಿಯೇ ಬೇಕಿತ್ತೇ? ಅವ್ವ ಆ ದಿನ ಊಟ ಮಾಡಲಿಲ್ಲ.

ಭಾನುವಾರ ದ್ರಾಕ್ಷಿಯ ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿ, ಶಾಂತಿಯನ್ನು ಎತ್ತಿಕೊಂಡು ಎಲ್ಲರೂ ಚರ್ಚಿಗೆ ಹೋದೆವು. ಕಾಣಿಕೆಯಾಗಿ ಬಂದ ಕೋಳಿ, ಕುಂಬಳಕಾಯಿಗಳನ್ನು ನಮ್ಮಲ್ಲಿ ಪ್ರಾರ್ಥನೆಯ ನಂತರ ಸವಾಲಿಗೆ, ಅಂದರೆ ಹರಾಜಿಗೆ, ಇಡುತ್ತಾರೆ. ತಾವು ಕೊಟ್ಟದ್ದನ್ನು ತಾವೇ ಸವಾಲು ಕೂಗಿ ಮನೆಗೆ ಒಯ್ಯುವವರೂ ಇದ್ದರು. ಅದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅಪ್ಪ ಅದೇ ಉಪಾಯದಲ್ಲಿ ಸವಾಲು ಕೂಗಲು ಎದ್ದು ನಿಂತ. ಅವ್ವ ಅವನ ಅಂಗಿ ಹಿಡಿದು ಕೂರಿಸಿದಳು.

“ಕೂಗಬ್ಯಾಡ್ರಿ. ಒಂದು ಕೈಲೆ ಕೊಟ್ಟು ಇನ್ನೊಂದು ಕೈಲೆ ಕಸಗೊಂಡಂಗ ಆಗ್ತದ.”

ಕಲಬುರಗಿ ಕಡೆಯ ಬ್ಯಾಂಕ್ ನೌಕರರೊಬ್ಬರು ಸವಾಲು ಗೆದ್ದು, ದ್ರಾಕ್ಷಿಯನ್ನು ಸ್ಕೂಟರಿಗೆ ನೇತುಹಾಕಿಕೊಂಡು ಹೋದರು.

ರಿಕ್ಷಾದಲ್ಲಿ ಶಾಂತಿ ಬಿಕ್ಕುತ್ತ ಕೇಳಿದಳು, “ನಿನಗ ನನಕಿಂತ ದೇವರೇ ಹೆಚ್ಚೇನವ್ವಾ?”

ಅವ್ವನೂ ಅಳುತ್ತಿದ್ದಳು. “ನಿನ್ನ ಅವನ ಹತ್ರನೇ ಬೇಡಿ ತಗೊಂಡೀನಿ, ಕೂಸ.”

ಮನೆಗೆ ಬಂದ ಮೇಲೆ, ಹಸಿವೆಗೋ ಅತ್ತ ದಣಿವಿಗೋ, ಶಾಂತಿ ಅವ್ವನ ಕೈಯಿಂದ ಒಂದಿಷ್ಟು ಮೊಸರನ್ನ ಉಂಡು ಮಲಗಿದಳು.

ಈಗ ಅವ್ವ ಇಲ್ಲ. ನಾನು ಸಂಭಾಜಿನಗರದಲ್ಲಿದ್ದೇನೆ. ಪ್ರಾರ್ಥನೆಗೇನೂ ಬರವಿಲ್ಲ, ಮುಂಜಾನೆಯೇ ಫೋನಿಗೆ ಬೈಬಲಿನ ವಚನಗಳು ಬಂದು ಬೀಳುತ್ತವೆ, ಓದುವ ಮೊದಲೇ ಆಮೆನ್ ಒತ್ತುತ್ತೇವೆ. ಕಳೆದ ಮಳೆಗಾಲ ಮಗನಿಗೆ ಡೆಂಗ್ಯೂ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ದೇವರಿಗೆ ಏನು ಕೊಡುತ್ತೇನೆಂದು ಹೇಳಲಿ ಎಂದು ಯೋಚಿಸಿದೆ. ಮನಸ್ಸು ಮನೆಯನ್ನೆಲ್ಲ ಸುತ್ತಿ ಬಂತು. ಹೋದರೂ ನೋವಾಗದಂಥದ್ದನ್ನೇ ಅದು ಹುಡುಕುತ್ತಿತ್ತು. ಅವ್ವನಂತೆ ಬೇಡಲು ನನಗೆ ಬಾಯಿ ಬರಲಿಲ್ಲ.

ಮಗ ಹುಷಾರಾಗಿ ಮನೆಗೆ ಬಂದ. ನಾನು ಏನೂ ಹೇಳಿರಲಿಲ್ಲವಾದ್ದರಿಂದ ಏನೂ ಕೊಡಬೇಕಾಗಿಯೂ ಬರಲಿಲ್ಲ.