ಮಂಗಳೇಶನ ಪಾಳಿ

ಬಾದಾಮಿಯ ಗುಹೆಗಳ ಕೆಳಗೆ, ಬಸ್ಸುಗಳು ನಿಲ್ಲುವ ಬಯಲಿನ ಅಂಚಿಗೆ ಅಬ್ದುಲಸಾಬನ ಚಹಾದಂಗಡಿ ಇದೆ. ಅಂಗಡಿಯ ಕಂಬಕ್ಕೆ ಒಂದು ಕಲ್ಲುಪಾಟಿ ತೂಗುಹಾಕಿದ್ದಾರೆ. ಅದರ ಮೇಲೆ ಸುಣ್ಣದ ಬಳಪದಲ್ಲಿ ಒಂಬತ್ತು ಗೈಡುಗಳ ಹೆಸರು, ಒಂದರ ಕೆಳಗೊಂದು. ಪ್ರವಾಸಿಗರು ಬಂದಿಳಿದ ಕೂಡಲೇ ಅಬ್ದುಲಸಾಬ ಪಾಟಿಯತ್ತ ನೋಡಿ, ಯಾರ ಪಾಳಿಯೋ ಅವರ ಹೆಸರು ಕೂಗುತ್ತಾನೆ. ಇಪ್ಪತ್ತೈದು ವರ್ಷಗಳಿಂದ ಅವನು "ರಾಜಕುಮಾರಾ!" ಎಂದು ಕೂಗಿದಾಗಲೆಲ್ಲ "ಬಂದ್ನಿ" ಎನ್ನುತ್ತ ಎದ್ದವನು ಬೀರಲಿಂಗಪ್ಪ.

ರಾಜಕುಮಾರ ಎಂಬುದು ಬೀರಲಿಂಗಪ್ಪನ ಹೆಸರಲ್ಲ. ಅವನ ಅಣ್ಣನ ಮಗನ ಹೆಸರು.

ಅಲ್ಲಿಯ ಗೈಡುಗಳು ತಮ್ಮೊಳಗೆ ಮಾಡಿಕೊಂಡ ಪದ್ಧತಿ ಹಾಗಿತ್ತು. ಪಾಳಿ ಮನೆತನದ್ದು, ತಂದೆ ತೀರಿಕೊಂಡರೆ ಮಗನಿಗೆ. ಮಗ ಇನ್ನೂ ಸಣ್ಣವನಾಗಿದ್ದರೆ ಮನೆಯ ಇನ್ನೊಬ್ಬರು ಅವನ ಪರವಾಗಿ ನಿಲ್ಲಬೇಕು. ಆದರೆ ನಿಂತವನ ಹೆಸರು ಪಾಟಿಗೆ ಏರುವಂತಿಲ್ಲ, ಹುಡುಗನ ಹೆಸರೇ ಇರಬೇಕು. ಯಾರಿಗೂ ಮರೆವು ಬರಬಾರದೆಂದು ಹಿರಿಯರು ಹೀಗೆ ಮಾಡಿದ್ದರು. ಮರೆಯಬೇಕೆಂದವನಿಗೆ ಪಾಟಿ ಅಡ್ಡ ಬರುವುದಿಲ್ಲವೆಂದು ಆ ಹಿರಿಯರಿಗೆ ಹೊಳೆದಿರಲಿಲ್ಲ.

ಗೈಡಾಗಿದ್ದ ಅಣ್ಣ ಮಾಳಪ್ಪ ಕಾಮಾಲೆಯಾಗಿ ತೀರಿಕೊಂಡಾಗ ರಾಜಕುಮಾರನಿಗೆ ಒಂಬತ್ತು ವರ್ಷ. ಬೀರಲಿಂಗಪ್ಪ ಅಲ್ಲಿಯ ತನಕ ಕುರಿ ಕಾಯುತ್ತಿದ್ದವನು. ಅತ್ತಿಗೆ ರೇಣವ್ವ ಗಂಡನ ಟಿಪ್ಪಣಿಯ ವಹಿ ತಂದು ಅವನ ಕೈಗಿಟ್ಟು, "ಹುಡುಗ ದೊಡ್ಡಾವಾಗೂ ತನಕ ನೀ ನಿಂದ್ರಪಾ ಬೀರಲಿಂಗಾ" ಎಂದಳು. ಅವನು ನಿಂತ. ವಹಿ ಬಾಯಿಪಾಠ ಮಾಡಿ, ಇಸವಿಗಳನ್ನು ಒಂದೂ ಬಿಡದೆ ಒಪ್ಪಿಸಿದ. ಮೊದಲ ವಾರ ಪ್ರವಾಸಿಗರು ಆಕಳಿಸಿದರು. ಎರಡನೆಯ ವಾರ ಒಬ್ಬ ಮುದುಕ ಮೂರನೆಯ ಗುಹೆಯ ಕಂಬಕ್ಕೆ ಒರಗಿ ಗೊರಕೆಯನ್ನೇ ಹೊಡೆದ. ಅವತ್ತು ಬೀರಲಿಂಗಪ್ಪನಿಗೆ ಸಿಟ್ಟು ಬಂತು. ವಹಿಯನ್ನು ಮಡಚಿ ಜೇಬಿಗಿಟ್ಟು, ಚಾಲುಕ್ಯರ ಚರಿತ್ರೆಯನ್ನು ತಮ್ಮ ಓಣಿಯ ಜಗಳ ಹೇಳಿದ ಹಾಗೆ ಹೇಳತೊಡಗಿದ.

"ಇಲ್ಲಿ ನೋಡ್ರಿ, ಈ ಗವಿ ಕಡಿಸಿದಾವ ಮಂಗಳೇಶ. ಕೀರ್ತಿವರ್ಮ ರಾಜನ ತಮ್ಮ. ಕಡಿಸಿದಾವ ತಾನು, ಆದ್ರ ಪುಣ್ಯೇ ಎಲ್ಲಾ ನಮ್ಮಣ್ಣಗ ಹೋಗ್ಲಿ ಅಂತ ಶಾಸನಾ ಬರಸ್ಯಾನ. ಈಗಿನ ತಮ್ಮಂದ್ರು ಬಾವ್ಯಾಗಿನ ಕಪ್ಪೀನೂ ಅಣ್ಣಗ ಬಿಡೂದಿಲ್ರಿ!"

ಜನ ನಕ್ಕರು. ಅವನಿಗೆ ಮೈ ಜುಮ್ಮೆಂದಿತು. ಹದಿನೆಂಟು ವರ್ಷ ಕುರಿ ಕಾಯ್ದಿದ್ದ, ಕುರಿಗಳು ಒಂದು ಸಲವೂ ನಕ್ಕಿರಲಿಲ್ಲ.

ಅಲ್ಲಿಂದ ಮುಂದೆ ಕತೆ ತಾನಾಗಿಯೇ ಬೆಳೆಯಿತು. ಅಣ್ಣ ಸತ್ತ, ಅಣ್ಣನ ಮಗ ಪುಲಕೇಶಿ ಇನ್ನೂ ಸಣ್ಣವನು, ಅವನು ದೊಡ್ಡವನಾಗುವ ತನಕ ಕಾಕಾ ಸಿಂಹಾಸನದ ಮೇಲೆ ಕೂಡಬೇಕೆಂದಾಯಿತು. "ಕುಂತ್ರಿ. ಆದ್ರ ಸಿಂಹಾಸನಕ್ಕ ಗೋಂದು ಹಚ್ಚಿರ್ತಾರ, ಕುಂತಾವಗ ಏಳಾಕ ಬಿಡೂದಿಲ್ಲ" ಎಂದು ಬೀರಲಿಂಗಪ್ಪ ಗುಹೆಯ ಮೆಟ್ಟಿಲ ಮೇಲೆ ಕುಳಿತು, ಹೆಗಲ ಟವೆಲ್ಲನ್ನು ತಲೆಗೆ ಸುತ್ತಿ ಮಂಗಳೇಶನಾಗುತ್ತಿದ್ದ. ಹುಡುಗ ಪುಲಕೇಶಿ ಬಂದು, ಕಾಕಾ ನನಗ ಮೀಸಿ ಬಂದಾವ ಎನ್ನುತ್ತಾನೆ. ಕಾಕಾ ಕಣ್ಣು ಕಿರಿದು ಮಾಡಿ ನೋಡುತ್ತಾನೆ. "ಎಲ್ಲದಾವೋ? ಬೆಳಕಿಗಿ ಬಾ. ಹ್ಞಾಂ, ಅವು ಮೀಸಿ ಅಲ್ಲೋ, ಹಾಲು ಕುಡದು ಬಾಯಿ ಒರಸಿಕೊಂಡಿಲ್ಲ ನೀ. ಮುಂದಿನ ವರ್ಷ ನೋಡೂಣು!" ಮರುವರ್ಷ ಹುಡುಗ ಮತ್ತೆ ಬರುತ್ತಾನೆ. ಕತ್ತಿ ಹಿಡಿಯಲು ಬಂತು ಎನ್ನುತ್ತಾನೆ. ಕುದುರೆ ಏರಲು ಬಂತು ಎನ್ನುತ್ತಾನೆ. ಮೂರನೆಯ ಸಲಕ್ಕೆ ಸಾಲಿ ಮಕ್ಕಳೆಲ್ಲ ಬೀರಲಿಂಗಪ್ಪನ ಜೊತೆಗೇ ಗುಹೆ ದನಿಗೊಡುವಂತೆ ಚೀರುತ್ತಿದ್ದರು: "ಮುಂದಿನ ವರ್ಷ ನೋಡೂಣು!"

ಕೊನೆಗೆ ಪುಲಕೇಶಿ ದಂಡು ಕಟ್ಟಿಕೊಂಡು ಬರುತ್ತಿದ್ದ, ಕಾಕಾನ ಆಟ ಮುಗಿಯುತ್ತಿತ್ತು. "ಮಗನ್ನ ಪಟ್ಟಕ್ಕ ಕುಂದ್ರಸೂ ಆಸೆ, ರಾಜ್ಯ, ಜೀವ, ಮೂರೂ ಒಮ್ಮೆಲೇ ಕಳಕೊಂಡ ಅಂತ ಐಹೊಳಿ ಮೇಗುಟಿ ಗುಡಿ ಗ್ವಾಡಿ ಮ್ಯಾಲ ಬರದಾರ. ನಾ ಹೇಳೂದಲ್ರಿ, ಕಲ್ಲು ಹೇಳ್ತೈತಿ!" ಎಂದು ಟವೆಲ್ಲು ಕೊಡವಿ ಏಳುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ಕತೆಯನ್ನು ದಿನಕ್ಕೆ ಎರಡು ಸಲ, ಮೂರು ಸಲ, ಇಪ್ಪತ್ತೈದು ವರ್ಷ ಹೇಳಿದ ಮನುಷ್ಯನಿಗೆ ಅದು ಯಾರ ಕತೆಯೆಂದು ಗೊತ್ತಾಗಲಿಲ್ಲವೆಂದರೆ ನೀವು ನಂಬುವುದಿಲ್ಲ. ಬಾದಾಮಿಯಲ್ಲಿ ಯಾರೂ ನಂಬಲಿಲ್ಲ. ಆದರೆ ಖರೆ. ಬೇರೆಯವರನ್ನು ನಗಿಸುವುದರಲ್ಲಿ ಮುಳುಗಿದವನಿಗೆ ತನ್ನ ಮಾತು ತನಗೆ ಕೇಳಿಸುವುದಿಲ್ಲ.

ಹದಿನೆಂಟು ತುಂಬಿದ ವರ್ಷ ರಾಜಕುಮಾರ ಬಂದು, ಅಂಗಡಿಯ ಬೆಂಚಿನ ತುದಿಗೆ ಕುಳಿತು ಕೇಳಿದ್ದ. "ಕಾಕಾ, ಇನ್ನ ಪಾಳಿ ನಾ ನಿಂದ್ರಲೇನು?"

"ನಿನ್ನ ಇಂಗ್ಲೀಷ ಇನ್ನಾ ಕಚ್ಚಾ ಐತೆಪಾ ರಾಜಾ. ಮುಂದಿನ ವರ್ಷ ನೋಡೂಣು" ಎಂದ ಬೀರಲಿಂಗಪ್ಪ. ನಗಲಿಲ್ಲ, ನಗಿಸಲೂ ಇಲ್ಲ. ಪ್ರೀತಿಯಿಂದಲೇ ಹೇಳಿದ. ಚಹಾ ಸೋಸುತ್ತಿದ್ದ ಅಬ್ದುಲಸಾಬ ಒಂದು ಗಳಿಗೆ ಕೈ ನಿಲ್ಲಿಸಿದ್ದು ಅವನಿಗೆ ಕಾಣಲಿಲ್ಲ.

ಮರುವರ್ಷ, ತನ್ನ ಮಗಳು ವಿದ್ಯಾಳ ಕಾಲೇಜು ಮುಗಿಯಲಿ ಎಂದ. ಅದರ ಮುಂದಿನ ವರ್ಷ ಅವಳ ಮದುವೆಯಾಗಲಿ ಎಂದ. ನಾಲ್ಕೈದು ವರ್ಷಕ್ಕೆ ಮದುವೆಯೂ ಆಯಿತು. ರಾಜಕುಮಾರ ಆ ಮದುವೆಯಲ್ಲಿ ಮೂರು ದಿನ ನೀರು ಹೊತ್ತ, ಪಂಕ್ತಿಗೆ ಬಡಿಸಿದ. ಆಮೇಲೆ ಬಂದು ಕೇಳಿದಾಗ ಬೀರಲಿಂಗಪ್ಪ ಅವನ ಭುಜ ತಟ್ಟಿ, "ನೀ ಭಾಳ ಸಂಭಾವಿತ ಅದೀಪಾ. ನೀ ಕತಿ ಹೇಳಿದ್ರ ಮಂದಿ ನಗೂದಿಲ್ಲ. ಇನ್ನೊಂದಿಷ್ಟು ದಿನಾ ಕೇಳು, ಕಲಿ" ಎಂದ. ಅವನು ಕೆಟ್ಟವನಾಗಿರಲಿಲ್ಲ. ಕೆಟ್ಟವನಾಗಿದ್ದರೆ ಯಾರಾದರೂ ಕೊರಳಪಟ್ಟಿ ಹಿಡಿದು ಪಾಳಿ ಕಿತ್ತುಕೊಡುತ್ತಿದ್ದರು. ಅವನಿಗೆ ಬರೀ ಆ ನಗುವನ್ನು ಬಿಟ್ಟು ಮನೆಗೆ ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ರಾಜಕುಮಾರ ಮತ್ತೆ ಕೇಳಲಿಲ್ಲ. ತಾಯಿಯನ್ನು ಕರೆದುಕೊಂಡು ಇಳಕಲ್ಲಿಗೆ ಹೋಗಿ ಕಲ್ಲು ಕೊಯ್ದು ಹೊಳಪು ಕೊಡುವ ಒಂದು ಕಾರಖಾನೆ ಸೇರಿದ. ಕೆಂಪು ಕಲ್ಲಿನ ಪುಡಿ ಹೊಗೆಯಂತೆ ತುಂಬಿಕೊಂಡ ಶೆಡ್ಡಿನಲ್ಲಿ ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡು ಒಂಬತ್ತು ವರ್ಷ ದುಡಿದ. ಕೆಮ್ಮು ಬಂತು. ದಮ್ಮು ಹತ್ತಿತು. ನೋಡಿದ್ದ ಹೆಣ್ಣಿನ ಮನೆಯವರು ಕೆಮ್ಮು ಕೇಳಿ ಹಿಂದೆ ಸರಿದರು. ಹೋದ ವರ್ಷದ ಉಗಾದಿ ಮುಗಿದ ಮೇಲೆ ರೇಣವ್ವನ ಫೋನು ಬಂತು. "ಬೀರಲಿಂಗಾ, ಹುಡುಗನ್ನ ಬಾಗಲಕೋಟಿ ದವಾಖಾನ್ಯಾಗ ಹಾಕೇನಿ. ಬಂದು ಹೋಗು."

ಡಾಕ್ಟರು ಬಿಚ್ಚಿ ಹೇಳಿದರು. ಕಲ್ಲಿನ ಪುಡಿ ಪುಪ್ಪುಸದೊಳಗೆ ಕೂತು ಗಟ್ಟಿಯಾಗಿದೆ, ಅದನ್ನು ತೊಳೆದು ತೆಗೆಯಲು ಬರುವುದಿಲ್ಲ. ಬೀರಲಿಂಗಪ್ಪ ವಾರ್ಡಿನೊಳಗೆ ಹೋಗಿ ನೋಡಿದ. ಮೂವತ್ತನಾಲ್ಕು ವರ್ಷದ ಹುಡುಗ ಮೂಗಿಗೆ ನಳಿಕೆ ಹಾಕಿಕೊಂಡು ದಿಂಬಿಗೆ ಒರಗಿ ಕುಳಿತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಾಕಾನನ್ನು ಕಂಡು ನಕ್ಕ.

ಪಕ್ಕದ ಹಾಸಿಗೆಯಲ್ಲಿದ್ದ ತಂದೆಯನ್ನು ನೋಡಿಕೊಳ್ಳಲು ಕೆರೂರಿನಿಂದ ಬಂದಿದ್ದ ಮುಬಶೀರಾ ಎಂಬ ಹೆಣ್ಣುಮಗಳು ಬೀರಲಿಂಗಪ್ಪನನ್ನೇ ದಿಟ್ಟಿಸಿದಳು. ಆಮೇಲೆ ಅವಳ ಮುಖವರಳಿತು.

"ನೀವು ರಾಜಕುಮಾರ ಸರ್ ಅಲ್ಲೇನ್ರಿ? ಬಾದಾಮಿ ಗವಿಯಾಗ ಕತಿ ಹೇಳವರು? ಎಂಟನೇ ಕ್ಲಾಸಿನ್ಯಾಗ ಇದ್ದಾಗ ನಮ್ಮ ಸಾಲಿ ಟ್ರಿಪ್ಪಿಗೆ ಬಂದಿದ್ವಿ. ಅಂಗಡ್ಯಾವರು ನಿಮ್ಮನ್ನ ಹೆಸರ ಹಿಡದು ಕೂಗಿದ್ದು ಇನ್ನಾ ನೆನಪೈತ್ರಿ!"

ಬೀರಲಿಂಗಪ್ಪ ಹಾಸಿಗೆಯ ಕಡೆ ತಿರುಗಿದ. ನಿಜವಾದ ರಾಜಕುಮಾರ ಹಾಸಿಗೆಯ ಮೇಲಿಂದ ಮೆಲ್ಲಗೆ, "ಹೌದ್ರಿ ಅಕ್ಕಾರ, ಅವರ" ಎಂದ.

ಅಷ್ಟು ಹೇಳಿದ್ದೇ ತಡ, ಮುಬಶೀರಾ ಬಿಡಲಿಲ್ಲ. ಅಪ್ಪ ವಾರದಿಂದ ನಕ್ಕಿಲ್ಲ, ಆ ಮೀಸೆಯ ಕತೆ ಹೇಳಿರಿ ಎಂದು ದುಂಬಾಲು ಬಿದ್ದಳು. ಬೇರೆ ಹಾಸಿಗೆಯವರೂ ತಿರುಗಿ ಕುಳಿತರು. "ಹೇಳು ಕಾಕಾ, ನಾನೂ ಕೇಳಿ ಭಾಳ ದಿನಾತು" ಎಂದ ರಾಜಕುಮಾರ.

ಬೀರಲಿಂಗಪ್ಪ ಸ್ಟೂಲಿನ ಮೇಲೆ ಕುಳಿತು ಟವೆಲ್ಲು ಸುತ್ತಿದ. ಗೋಂದಿನ ಮಾತಿಗೆ ವಾರ್ಡು ನಕ್ಕಿತು. ಪುಲಕೇಶಿ ಬಂದ, ಮೀಸೆ ತೋರಿಸಿದ. ಕಾಕಾ ಕಣ್ಣು ಕಿರಿದು ಮಾಡಿ ನೋಡಿದ. ನೋಡಿದರೆ ಎದುರಿಗೆ ರಾಜಕುಮಾರ. ಮಾತು ಅಲ್ಲಿಗೆ ನಿಂತುಹೋಯಿತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಬೀರಲಿಂಗಪ್ಪನಿಗೆ ತನ್ನ ಕತೆ ಕೇಳಿಸಿತು, ಮತ್ತು ಕೇಳಿಸಿದ್ದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

ರಾಜಕುಮಾರ ಮೂಗಿನ ನಳಿಕೆ ಸರಿಸಿದ. "ಮುಂದಿನ ವರ್ಷ ನೋಡೂಣು, ಅನ್ನು ಕಾಕಾ. ಅದನ್ನ ನೀ ಭಾಳ ಚೊಲೋ ಹೇಳ್ತಿ."

ಜನ ಅದೂ ಆಟದ ಒಂದು ಭಾಗವೆಂದುಕೊಂಡು ಜೋರಾಗಿ ನಕ್ಕರು. ಮುಬಶೀರಾಳ ಅಪ್ಪನೂ ನಕ್ಕ. ಬಾಗಿಲ ಬಳಿ ನಿಂತಿದ್ದ ರೇಣವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ನಗು ಇಳಿದ ಮೇಲೆ ಬೀರಲಿಂಗಪ್ಪ ಹಾಸಿಗೆಯ ಅಂಚಿಗೆ ಕುಳಿತು ಹುಡುಗನ ಕೈ ಹಿಡಿದ. "ರಾಜಾ, ಪಾಳಿ ನಿಂದು. ಮೊದಲಿಂದಾನೂ ನಿಂದ. ನಾ ತಪ್ಪು ಮಾಡಿದ್ನೆಪಾ. ಸೋಮಾರದಿಂದ ನೀನ ನಿಂದ್ರು."

"ಮೆಟ್ಟಲ ಹ್ಯಾಂಗ ಹತ್ಲಿ ಕಾಕಾ?"

"ನಾ ಹೊತಗೊಂಡು ಹೋಗ್ತೇನಿ. ದಿನಾ ಹೊತಗೊಂಡು ಹೋಗ್ತೇನಿ" ಎಂದು ಬೀರಲಿಂಗಪ್ಪ ಮಕ್ಕಳಂತೆ ಅತ್ತ.

ರಾಜಕುಮಾರ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಇಳಕಲ್ಲಾಗ ಮಷೀನ ಮುಂದ ನಿಂತು ನಾನೂ ಒಂದು ಕತಿ ಕಟ್ಟೀನಿ ಕಾಕಾ. ಇದ ಕತಿ, ಪುಲಕೇಶಿ ಹೇಳಿದಂಗ. ನೀ ಹೇಳೂದರಾಗ ಅವ ದಂಡು ತಂದ ಅಂತಿ. ತರೂಕಿಂತ ಮೊದಲ ಅವ ಎಷ್ಟು ದಿನಾ ಹೊರಗ ಕುಂತಿದ್ದ, ಏನು ವಿಚಾರ ಮಾಡ್ತಿದ್ದ, ಅದನ್ನ ಯಾರೂ ಹೇಳಿಲ್ಲ. ಅದರಾಗೂ ಭಾಳ ನಗು ಐತಿ. ಕೇಳ್ತೀಯೇನು?"

"ಹೇಳಪಾ."

"ನಮ್ಮ ಕಾಕಾ ಕೆಟ್ಟಾವಿದ್ದಿದ್ರ ಚೊಲೋ ಇತ್ತು, ಅಂತ ಪುಲಕೇಶಿ ಸುರೂ ಮಾಡ್ತಾನ. ಯಾಕಂದ್ರ..." ಎನ್ನುವಷ್ಟರಲ್ಲಿ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ನರ್ಸು ಓಡಿ ಬಂದು ನಳಿಕೆ ಸರಿಪಡಿಸಿ, ಮಾತಾಡಿಸಬೇಡಿರೆಂದು ಗದರಿಸಿದಳು. ರಾಜಕುಮಾರ ಕೈಯಿಂದಲೇ ನಾಳೆ ಎಂದು ಸನ್ನೆ ಮಾಡಿದ.

ಮರುದಿನ ಅವನಿಗೆ ಮಾತಾಡಲು ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಬೀರಲಿಂಗಪ್ಪ ಹಾಸಿಗೆ ಬಿಟ್ಟು ಕದಲದೆ, ಕಿವಿಯನ್ನು ಅವನ ಬಾಯಿಯ ಹತ್ತಿರವೇ ಇಟ್ಟುಕೊಂಡು ಕುಳಿತ. ನಾಲ್ಕನೆಯ ದಿನ ಬೆಳಗಿನ ಹತ್ತು ಗಂಟೆಗೆ ರಾಜಕುಮಾರ ಹೋಗಿಬಿಟ್ಟ.

ದಿನಕರ್ಮ ಮುಗಿಸಿ ಬೀರಲಿಂಗಪ್ಪ ಬಾದಾಮಿಗೆ ಬಂದಾಗ ಅಬ್ದುಲಸಾಬ ಅವನನ್ನು ಬೆಂಚಿನ ಮೇಲೆ ಕೂಡಿಸಿ ಚಹಾ ಕೊಟ್ಟ. ಆಮೇಲೆ ಒದ್ದೆ ಬಟ್ಟೆ, ಬಳಪ ಎರಡನ್ನೂ ಹಿಡಿದುಕೊಂಡು ಪಾಟಿಯ ಮುಂದೆ ನಿಂತ. ಹುಡುಗನಿಗೆ ಮಕ್ಕಳಿಲ್ಲ, ಮನೆಯಲ್ಲಿ ಇನ್ನೊಬ್ಬ ಗಂಡಸಿಲ್ಲ.

"ಪದ್ಧತಿ ಪ್ರಕಾರ ಇನ್ನ ಪಾಳಿ ನಿಂದ ಬೀರಲಿಂಗಪ್ಪ. ನಿನ್ನ ಹೆಸರ ಬರೀಲೇನು?"

ಬೀರಲಿಂಗಪ್ಪ ಅವನ ಕೈಯಿಂದ ಒದ್ದೆ ಬಟ್ಟೆ ಕಿತ್ತುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡ. "ಅದ ಹೆಸರ ಇರಲಿ ಸಾಬಣ್ಣಾ. ಪಾಳಿ ಬಂದಾಗ ಅದನ್ನ ಕೂಗು."

ಸ್ವಲ್ಪ ಹೊತ್ತಿಗೆ ಹುನಗುಂದದ ಕಡೆಯಿಂದ ಒಂದು ಸಾಲಿ ಬಸ್ಸು ಬಂತು. ಮಕ್ಕಳು ಗದ್ದಲ ಮಾಡುತ್ತ ಇಳಿದು ಸಾಲಾಗಿ ನಿಂತರು. ಅಬ್ದುಲಸಾಬ ಪಾಟಿ ನೋಡಿದ, ಬೀರಲಿಂಗಪ್ಪನ ಮುಖ ನೋಡಿದ, ಆಮೇಲೆ ಕೂಗಿದ.

"ರಾಜಕುಮಾರಾ!"

ಬೀರಲಿಂಗಪ್ಪ ಏಳಲಿಲ್ಲ. ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲುಗಳ ಕಡೆಗೆ ನೋಡುತ್ತ ಕುಳಿತ. ಬಂದ್ನಿ ಎಂದು ಯಾರೂ ಅನ್ನಲಿಲ್ಲ. ಅಬ್ದುಲಸಾಬ ಇನ್ನೊಮ್ಮೆ ಕೂಗಿದ, ಸ್ವಲ್ಪ ತಡೆದ, ಪಾಟಿಯ ಮೇಲಿನ ಮುಂದಿನ ಹೆಸರು ಕೂಗಿದ. ಅಂದಪ್ಪ ಎದ್ದು ಮಕ್ಕಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿದ.